ಕಪ್ಪತಗುಡ್ಡ: ಬಯಲುಸೀಮೆಯ ಓಷಧಿಗಿರಿ

ಗದಗಿನಿಂದ ಡಂಬಳ ಮಾರ್ಗವಾಗಿ ಮುಂಡರಗಿಗೆ ಸಾಗುವವರ ಬಲಗಡೆಗೆ, ಎರೆಹೊಲಗಳ ಆಚೆ, ನೀಲಿಗಪ್ಪು ಬೆಟ್ಟಸಾಲೊಂದು ಬಹುದೂರದವರೆಗೆ ಜೊತೆಗೂಡಿ ಬರುತ್ತದೆ. ಅದುವೇ ಕಪ್ಪತಗುಡ್ಡ. ಗದಗಿನ ಸಮೀಪದ ಬಿಂಕದಕಟ್ಟಿಯಿಂದ ಮೊದಲಾಗಿ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಅರವತ್ತಕ್ಕೂ ಹೆಚ್ಚು ಕಿಲೋಮೀಟರು ಉದ್ದಕ್ಕೆ ಇದು ಹಬ್ಬಿದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಜನ ಮೋಡ ಕವಿದುದನ್ನು ಮೊದಲು ನೋಡುವುದು ಈ ಗುಡ್ಡದ ನೆತ್ತಿಯ ಮೇಲೆಯೇ.

ಇದನ್ನು ಉತ್ತರ ಕರ್ನಾಟಕದ ಸಹ್ಯಾದ್ರಿಯೆಂದು ಕರೆಯುವ ವಾಡಿಕೆಯುಂಟು. ನಮಗೆ ಈ ಹೋಲಿಕೆ ಅಷ್ಟಾಗಿ ಹಿಡಿಸದು. ಸಹ್ಯಾದ್ರಿಯ ಜಡಿಮಳೆ ಇಲ್ಲಿಲ್ಲ. ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರು ಮಾತ್ರ. ಒಣಭೂಮಿಯ ಕುರುಚಲು ಕಾಡು, ಸುವಾಸನೆಯ ಬಾದೆಹುಲ್ಲು, ಕಲ್ಲಿನ ಸಂದಿನಲ್ಲಿ ಬೇರೂರಿದ ಗಿಡಬಳ್ಳಿಗಳು, ಇವೇ ಇದರ ಸಂಪತ್ತು. ಅಮೃತಬಳ್ಳಿ, ಮಧುನಾಶಿನಿ, ಶತಾವರಿ, ನೆಲ್ಲಿ, ಕಕ್ಕೆ ಮೊದಲಾದ ಮೂಲಿಕೆಗಳನ್ನು ಅರಸಿ ನಾಟಿವೈದ್ಯರು ತಲೆಮಾರುಗಳಿಂದ ಇಲ್ಲಿಗೆ ಬಂದಿದ್ದಾರೆ. ತೋಳ, ಕತ್ತೆಕಿರುಬ, ಚಿರತೆ, ನಾಲ್ಕು ಕೋಡಿನ ಕೊಂಡುಕುರಿ ಇಲ್ಲಿ ಬಾಳುತ್ತಿವೆ. ಹುಲಿ ಆನೆಗಳಿಲ್ಲದ ಕಾಡನ್ನು ಕಾಡೆಂದೇ ಎಣಿಸದವರಿಗೆ ಇವು ಕಣ್ಣಿಗೆ ಬೀಳವು. ಆದರೆ ಸುತ್ತಲೂ ಹೊಲವಾಗಿ ಹೋದ ಬಯಲಿನಲ್ಲಿ ಇವಕ್ಕೆ ಬೇರೆ ನೆಲೆಯೆಲ್ಲಿದೆ? ಮಳೆಯ ನೀರನ್ನು ತಡೆದು, ನೆಲದೊಳಗೆ ಇಳಿಸಿ, ಹಳ್ಳಗಳ ಮೂಲಕ ಬುಡದ ಊರುಗಳ ಕೆರೆಬಾವಿಗಳಿಗೆ ಕೊಡುವುದೂ ಈ ಹುಲ್ಲು ಕುರುಚಲುಗಳೇ.

ಗುಡ್ಡದ ಒಡಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನದ ಅದಿರುಗಳಿವೆ. ಹಿಂದೆ ಜಾಲಗಾರರೆಂಬವರು ಹಳ್ಳಗಳ ಮರಳನ್ನು ತೊಳೆದು ಹೊನ್ನಿನ ಕಣಗಳನ್ನು ಆಯುತ್ತಿದ್ದರು. ಅದರಿಂದ ಗುಡ್ಡಕ್ಕೆ ಕೇಡೇನೂ ಆಗಲಿಲ್ಲ. ಯಂತ್ರಗಳಿಂದ ಬಗೆಯುವ ಗಣಿಗಾರಿಕೆಯ ಮಾತೇ ಬೇರೆ. ಮೇಲ್ಮಣ್ಣು ಹೋದರೆ ಬಾದೆಹುಲ್ಲೂ ಹೋಯಿತು, ಹಳ್ಳವೂ ಬತ್ತಿತು.

2015ರ ಡಿಸೆಂಬರಿನಲ್ಲಿ ಸರಕಾರವು ಇದನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಆದೇಶವನ್ನು ಹಿಂತೆಗೆದುಕೊಂಡಿತು. ಆಗ ಗದಗ-ಡಂಬಳ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಹೋರಾಟದ ಮುಂಚೂಣಿಯಲ್ಲಿ ನಿಂತರು. 2011ರಲ್ಲಿ ಉಕ್ಕಿನ ಕಾರ್ಖಾನೆಗಾಗಿ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಾಗಲೂ ಅವರು ಹೀಗೆಯೇ ನಿಂತಿದ್ದರು. ಮಠಾಧೀಶರಿಗೆ ಮಣ್ಣಿನ ಗೊಡವೆ ಏಕೆಂದು ಕೇಳುವವರುಂಟು. ಮಠದ ದಾಸೋಹಕ್ಕೆ ಕಾಳು ಬರುವುದು ಯಾವ ಮಣ್ಣಿನಿಂದ ಎಂಬುದನ್ನು ಅವರು ಮರೆತಿರಬೇಕು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಧರಣಿ ನಡೆಯಿತು; ಏಪ್ರಿಲ್‌ನಲ್ಲಿ ಮೀಸಲಿನ ಮನ್ನಣೆ ಮರಳಿ ದೊರೆಯಿತು. 2019ರ ಮೇ ತಿಂಗಳಿನಲ್ಲಿ 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಪೂಜ್ಯರು ಇರಲಿಲ್ಲ. 2018ರ ಅಕ್ಟೋಬರ್ 20ರಂದು ಅವರು ಲಿಂಗೈಕ್ಯರಾಗಿದ್ದರು.

ಡಂಬಳಕ್ಕೆ ಹೋದವರು ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಗಳನ್ನು ನೋಡಿ ಹಿಂದಿರುಗದೆ, ಗುಡ್ಡದ ಕಪ್ಪತಮಲ್ಲಯ್ಯನವರೆಗೂ ಹೋಗಿ ಬರಬೇಕು. ಶಿಖರದ ಗಾಳಿಗುಂಡಿ ಬಸವಣ್ಣನ ಬಳಿ ಮೇಲುಹೊದಿಕೆ ಮೈಮೇಲೆ ನಿಲ್ಲದಷ್ಟು ಗಾಳಿ. ಈ ಗಾಳಿಯನ್ನೇ ನಂಬಿ ವಿದ್ಯುತ್ ಗಾಳಿಯಂತ್ರಗಳ ಸಾಲು ಎದ್ದಿದೆ.

ಆದರೆ ಬೇಸಿಗೆಯಲ್ಲಿ ಈ ಗಾಳಿಯೇ ವೈರಿ. ಒಣಗಿದ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಪ್ರತಿವರ್ಷವೆಂಬಂತೆ ಗುಡ್ಡ ಹೊತ್ತಿ ಉರಿಯುತ್ತದೆ. ಹೊಸ ಹುಲ್ಲು ಚಿಗುರಲೆಂದು ತಾವೇ ಬೆಂಕಿಯಿಡುವವರೂ ಇದ್ದಾರೆ. ಅರಣ್ಯದವರು ಹುಲ್ಲು ಸವರಿ ಬೆಂಕಿರೇಖೆಗಳನ್ನು ತೆಗೆಯುತ್ತಾರೆ; ಗಾಳಿ ಬಲವಾದಾಗ ಉರಿಯು ಅವನ್ನೂ ದಾಟುತ್ತದೆ. ಹುಲ್ಲು ಮುಂದಿನ ಮಳೆಗೆ ಚಿಗುರೀತು, ನೆಲ್ಲಿಯ ಎಳೆಸಸಿ ಚಿಗುರದು. ಬುಡದ ಹಳ್ಳಿಗಳ ಹಿರಿಯರು ಶಿವರಾತ್ರಿಯ ನಂತರ ಗುಡ್ಡ ಹತ್ತುವವರ ಕಿಸೆಯ ಕಡ್ಡಿಪೆಟ್ಟಿಗೆಯನ್ನು ಕೆಳಗೇ ಬಿಡಿಸಿಕೊಂಡರೂ ಅದು ಅರಣ್ಯ ಇಲಾಖೆಗೆ ದೊಡ್ಡ ನೆರವಾದೀತು.