ಕಾಣದ ಗುರು

ಎದುರಿಗೆ ಕುಳ್ಳಿರಿಸಿ ಕಲಿಸಿದವನು ಮಾತ್ರವೇ ಗುರುವಲ್ಲ. ಅಮೆರಿಕದ ಗಿಟಾರ್ ವಾದಕ ಜೆಸ್ಸಿ ಎಡ್ ಡೇವಿಸನನ್ನು (1944–1988) ನೆನೆದಾಗಲೆಲ್ಲ ನನಗೆ ಹೀಗೆನಿಸುತ್ತದೆ. ಒಕ್ಲಹೋಮಾದ ಮೂಲನಿವಾಸಿ ಮನೆತನದ ಈತ ಹೆಚ್ಚಾಗಿ ಅನ್ಯರ ಧ್ವನಿಮುದ್ರಣಗಳಿಗೆ ನುಡಿಸಿದವನು.

1968ರಲ್ಲಿ ತಾಜ್ ಮಹಲ್ ಎಂಬ ಹೆಸರಿನ ಗಾಯಕನ ಮೊದಲ ಆಲ್ಬಮ್ಮಿನಲ್ಲಿ, ‘ಸ್ಟೇಟ್ಸ್‌ಬರೋ ಬ್ಲೂಸ್’ ಹಾಡಿಗೆ ಈತ ಸ್ಲೈಡ್ ಗಿಟಾರ್ ನುಡಿಸಿದ. ಅದನ್ನು ಕೇಳಿದ ತರುಣ ಡ್ಯುವೇನ್ ಆಲ್‌ಮನ್ ಶೀತದ ಮಾತ್ರೆಯ ಗಾಜಿನ ಸೀಸೆಯನ್ನು ಬೆರಳಿಗೆ ತೊಟ್ಟು, ತಂತಿಗಳ ಮೇಲೆ ಜಾರಿಸುತ್ತ ಸಾಧನೆಗೆ ತೊಡಗಿದ. 1971ರಲ್ಲಿ ಅವನ ತಂಡದ ‘ಅಟ್ ಫಿಲ್ಮೋರ್ ಈಸ್ಟ್’ ಆಲ್ಬಮ್ ಆರಂಭವಾದುದು ಅದೇ ಹಾಡಿನಿಂದ; ಬ್ಲೂಸ್ ರಾಕ್ ವಾದಕರಿಗೆ ಅದು ಮಾದರಿಯಾಯಿತು. ಅದೇ ವರ್ಷ, 24ರ ಹರೆಯದಲ್ಲಿ, ಡ್ಯುವೇನ್ ಅಪಘಾತಕ್ಕೆ ಬಲಿಯಾದ.

ಶಿಷ್ಯನ ಕೀರ್ತಿ ಉಳಿಯಿತು. ಗುರುವಿನ ಹೆಸರನ್ನು ಬಲ್ಲವರು ಕೆಲವರೇ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ವಿದ್ಯೆಯ ಹಿಂದೆಯೂ ಇಂತಹವರಿದ್ದಾರು. ಹುಡುಕಿ, ಹೆಸರು ಹಿಡಿದು ನೆನೆಯಿರಿ.