ಟೆನ್ಶನ್ ತಗೋಬ್ಯಾಡ ಅಂದ್ರ ಹೋಗೂದಲ್ಲ

ಕಾಲೇಜಿಗೆ ಹೋಗೋ ಹುಡುಗ್ಯಾರು ಸಪ್ಪಗ ಕೂತ್ರ ನಾವೆಲ್ಲಾ ಒಂದ ಮಾತು ಹೇಳ್ತೀವಿ: "ಟೆನ್ಶನ್ ತಗೋಬ್ಯಾಡವಾ." ಹೇಳೂದು ಸಸಾರ. ಆದ್ರ ಆಕಿ ದಿನಾ ಹೆಂಗ ಹೋಗ್ತದ ಅಂತ ತಾಸು ಎಣಿಸಿ ನೋಡಿದವರು ಎಷ್ಟು ಮಂದಿ ಇದ್ದೀವ್ರಿ?

ನನ್ನ ತಮ್ಮನ ಮಗಳು ನಮ್ಮನ್ಯಾಗ ಇದ್ದು ಓದ್ತಾಳ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನ್ಯಾಗ ಹೋಗಿ ಇಂಜಿನಿಯರಿಂಗ್ ಕಲೀತಾಳ. ಮುಂಜಾನೆ ಏಳಕ್ಕ ಮನಿ ಬಿಟ್ರ ಸಂಜಿ ಆರೂವರಿಗೆ ಬರ್ತಾಳ. ಆಮ್ಯಾಲೆ ಅಸೈನ್‌ಮೆಂಟು, ರೆಕಾರ್ಡು, ಮೊಬೈಲು. ಮಲಗೂದು ಒಂದಕ್ಕ, ಏಳೂದು ಐದೂವರಿಗೆ. ಅಂದ್ರ ನಾಲ್ಕೂವರಿ ತಾಸು ನಿದ್ದಿ. ಈ ವಯಸ್ಸಿಗೆ 7ರಿಂದ 9 ತಾಸು ಬೇಕಂತಾರ ಡಾಕ್ಟ್ರು. ಮುಂಜಾನೆ ಒಂದು ಕಪ್ ಚಹಾ, ಎರಡು ಬಿಸ್ಕೀಟು. ಮಧ್ಯಾಹ್ನದ ಡಬ್ಬಿ ಅರ್ಧ ವಾಪಸ್.

ಹೋದ ದೀಪಾವಳಿ ಮುಂದ ಕೂದಲು ಉದರ್ಲಿಕ್ಕೆ ಹತ್ತಿದ್ವು. ಮೆಟ್ಲ ಏರಿದ್ರ ತೇಕು, ಸಣ್ಣ ಮಾತಿಗೆ ಅಳು. "ಓದೂದು ತಪ್ಪಿಸ್ಲಿಕ್ಕೆ ಸೋಗು ಅಕ್ಕಾರ" ಅಂದ್ಲು ಅವರವ್ವ ಫೋನಿನ್ಯಾಗ. ನಾ ವಾದಾ ಮಾಡ್ಲಿಲ್ಲ, ರಕ್ತಾ ತಪಾಸಣಿ ಮಾಡಿಸಿದೆ. ಹಿಮೋಗ್ಲೋಬಿನ್ 8.4. ಹೆಣ್ಮಕ್ಕಳಿಗೆ 12ರ ಮ್ಯಾಲೆ ಇರಬೇಕು. ಇದು ನಮ್ಮನಿ ಒಬ್ಬಾಕಿ ಕಥಿ ಅಲ್ರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದಾಗ 15ರಿಂದ 49 ವಯಸ್ಸಿನ ಹೆಣ್ಮಕ್ಕಳೊಳಗ ನೂರಕ್ಕ 57 ಮಂದಿಗೆ ರಕ್ತಹೀನತೆ ಅದ.

ಡಾಕ್ಟ್ರು ಕಬ್ಬಿಣಾಂಶದ ಗುಳಿಗಿ ಕೊಟ್ರು. ಅದರ ಬೆನ್ನಿಗೇ ಚಹಾ ಕುಡದ್ರ ಮೈಗೆ ಹತ್ತೂದಿಲ್ಲ, ಲಿಂಬಿಹಣ್ಣಿನ ಪಾನಕದ ಜೋಡಿ ತಗೊಂಡ್ರ ಛಲೋ ಹತ್ತತದ. ಅದಕ್ಕ ಚಹಾ ಒಂದು ತಾಸು ಮುಂದಕ್ಕ ಹೋತು. ಡಬ್ಬಿಯೊಳಗ ಬರೇ ಅನ್ನದ ಬದ್ಲಿ ರೊಟ್ಟಿ, ಮೊಳಕಿ ಹೆಸರು, ಮೆಂತೇಪಲ್ಯ ಬಂತು. ಎರಡು ಕ್ಲಾಸಿನ ನಡುವ ತಿನ್ನಲಿ ಅಂತ ಬ್ಯಾಗಿನ್ಯಾಗ ಶೇಂಗಾ ಉಂಡಿ. ರಾತ್ರಿ ಹನ್ನೊಂದಕ್ಕ ಎಲ್ಲಾರ ಮೊಬೈಲೂ, ನಮ್ಮನಿಯವರದೂ ಸೇರಿ, ಪಡಸಾಲಿ ಮಾಡದಾಗ. ಆಕಿದೊಂದ ಕಸಗೊಂಡ್ರ ಶಿಕ್ಷಾ ಆಗ್ತದ, ಎಲ್ಲಾರೂ ಇಟ್ರ ಮನಿ ಪದ್ಧತಿ ಆಗ್ತದ.

ಎರಡು ಮೂರು ತಿಂಗಳಿಗೆ ರಕ್ತ ಏರಿತು, ತೇಕು ಹೋತು. ಅಳು ಮಾತ್ರ ಪೂರ್ತಿ ಹೋಗ್ಲಿಲ್ಲ. ಮೊದಲ ಸೆಮಿಸ್ಟರಿನ ಗಣಿತ ಉಳದಿತ್ತು, ಊರಾಗ ಎಲ್ಲಾರೂ ಕೇಳ್ತಾರ ಅಂತ ಅಂಜಿಕಿ. ಒಂದಿನ ಅಡಗಿಮನಿ ಬಾಗ್ಲಾಗ ನಿಂತು "ಅತ್ತಿ, ನಾ ಇರ್ಲಿಲ್ಲಂದ್ರ ಅಪ್ಪಗ ಫೀ ಆದ್ರೂ ಉಳೀತಿತ್ತು" ಅಂದ್ಲು. ಎದಿ ಝಲ್ ಅಂತು.

ಇಂಥಾ ಮಾತು ಬಂದ್ರ ಬೈಬಾರ್ದು, ಆಣಿ ಹಾಕಿಸಿಕೋಬಾರ್ದು. ಬಾಜೂಕ ಕೂಡಿಸಿಕೊಂಡು ಕೇಳಬೇಕು. ಅವತ್ತ 14416ಕ್ಕ ಫೋನ್ ಹಚ್ಚಿದ್ವಿ. ಅದು ಸರಕಾರದ ಟೆಲಿ-ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕ ಸುರು ಆದದ್ದು. ಹಗಲೂ ರಾತ್ರಿ ಇರ್ತದ, ರೊಕ್ಕಾ ಇಲ್ಲ, ಕನ್ನಡದಾಗ ಮಾತಾಡ್ತಾರ. ಆಮ್ಯಾಲೆ ಡಿಮ್ಹಾನ್ಸಿಗೆ ಹೋದ್ವಿ. ನಾವು ಸಣ್ಣವರಿದ್ದಾಗ ಯಾರಿಗಾದ್ರೂ "ಧಾರವಾಡಕ್ಕ ಒಯ್ರಿ" ಅಂತ ಚಾಷ್ಟಿ ಮಾಡ್ತಿದ್ರಲ್ಲ, ಅದ ದವಾಖಾನಿ. "ಅಲ್ಲಿ ಹೋದದ್ದು ಗೊತ್ತಾದ್ರ ನಾಳೆ ಲಗ್ನಕ್ಕ ತೊಡಕಾಗ್ತದ" ಅಂತ ಅವರವ್ವಗ ಹೆದ್ರಿಕಿ. "ಹುಡುಗಿ ಇದ್ರ ಅಲ್ಲೇನವಾ ಲಗ್ನ?" ಅಂದೆ. ಸುಮ್ಮನಾದ್ಲು. ಮುಂದಿನ ಸಲ ತಾನ ಬಸ್ ಹತ್ತಿ ಬಂದು ಮಗಳ ಜೋಡಿ ಬಾಕಿನ ಮ್ಯಾಲೆ ಕೂತ್ಲು.

ಆಕಿಗೆ ಕೇಳೇ ಇದನ್ನ ಬರದೀನಿ. "ಬರಿ ಅತ್ತಿ, ಉಳದ ಹುಡುಗ್ಯಾರಿಗೂ ಬೇಕಾಗ್ತದ" ಅಂದ್ಲು.

ನಮ್ಮ ಅಕ್ಕ-ತಂಗ್ಯಾರಿಗೆ, ವೈನಿ-ಕಾಕುಗಳಿಗೆ ನನ್ನದೊಂದು ಮಾತು. ನೋಡಿದ ಕೂಡಲೆ "ಎಷ್ಟ ಸೊರಗೀ, ಎಷ್ಟ ಕರ್ರಗಾಗೀ" ಅನಬ್ಯಾಡ್ರಿ. ಪರೀಕ್ಷಾ ಮುಂದ ಕುಬಸಕ್ಕ ಬರ್ಲಿಲ್ಲಂತ ಮುನಿಸಿಕೋಬ್ಯಾಡ್ರಿ. ಮಾರ್ಕ್ಸ್ ಕೇಳೂಕಿಂತ ಮೊದಲ ನಿದ್ದಿ ಆತೇನು, ಉಂಡಿಯೇನು ಅಂತ ಕೇಳ್ರಿ.

ಗಣಿತ ಇನ್ನೂ ಪಾಸಾಗಿಲ್ಲ, ಮತ್ತ ಕಟ್ಯಾಳ. ಈಗ ಐತವಾರಕ್ಕೊಮ್ಮೆ ಸಂಜಿಮುಂದ ಇಬ್ಬರೂ ಸಾಧನಕೇರಿ ತನಕಾ ಅಡ್ಡಾಡಿ ಬರ್ತೀವಿ. ಹಾದ್ಯಾಗ ಆಕಿ ಮಾತಾಡ್ತಾಳ, ನಾ ಹೂಂ ಅಂತೀನಿ.