ಡಿಸ್ಕು ಪ್ಲೇಯರನ್ನು ಕೊಂಡ ಕಥೆ

ಮೂವತ್ತೆರಡು ವರ್ಷ ಹುಡುಗರಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ನನ್ನಂಥವನು ಯಂತ್ರಗಳ ವಿಷಯವಾಗಿ ಬರೆಯಹೊರಟನೆಂದರೆ ವಾಚಕರು ನಗಬಹುದು. ನಗಲಿ. ಒಬ್ಬ ಗೃಹಸ್ಥನು ಅಂಗಡಿಯಿಂದಂಗಡಿಗೆ ಅಲೆದು ಕಲಿತ ಪಾಠವನ್ನು ಮತ್ತೊಬ್ಬ ಗೃಹಸ್ಥನಿಗೆ ಬಿಟ್ಟಿಯಾಗಿ ಹೇಳಿದರೆ ತಪ್ಪೇನೂ ಇಲ್ಲವೆಂದು ನನ್ನ ಭಾವನೆ.

ಬೆಂಗಳೂರಿನಲ್ಲಿರುವ ನನ್ನ ಮಗನು ನಿವೃತ್ತಿಯ ಕಾಣಿಕೆಯೆಂದು ಮೈಸೂರಿನ ನಮ್ಮ ಮನೆಗೆ 43 ಅಂಗುಲದ ಟೆಲಿವಿಷನ್ನೊಂದನ್ನು ಕಳುಹಿಸಿದನು. ಗೋಡೆಗೆ ತೂಗುಹಾಕಿದ ಮೇಲೆ ನೋಡುತ್ತೇನೆ: ನಮ್ಮ ಹಳೆಯ ಡಿವಿಡಿ ಪ್ಲೇಯರಿನ ಕೆಂಪು, ಬಿಳಿ, ಹಳದಿ ತಂತಿಗಳಿಗೆ ಅದರಲ್ಲಿ ಸ್ಥಾನವೇ ಇಲ್ಲ! ಇದ್ದುದು ಎಚ್‌ಡಿಎಂಐ ಎಂಬ ಚಪ್ಪಟೆ ಬಾಯಿ ಮಾತ್ರ. ಚಿತ್ರ, ಶಬ್ದ ಎರಡೂ ಆ ಒಂದೇ ತಂತಿಯಲ್ಲಿ ಹರಿಯುವುವಂತೆ. ಹಳೆಯ ಪ್ಲೇಯರಿಗಾದರೋ ಮುಪ್ಪು ಬಂದಿತ್ತು. ಅಂಗಡಿಯಿಂದ ತಂದ ಸಿನಿಮಾ ಡಿಸ್ಕುಗಳನ್ನು ಹೇಗೋ ಓದುತ್ತಿತ್ತು. ವೀಡಿಯೋದವನು ಬರೆದುಕೊಟ್ಟ ಡಿಸ್ಕನ್ನು ಹಾಕಿದರೆ ಗುರುಗುಟ್ಟಿ ನಿಂತುಬಿಡುತ್ತಿತ್ತು.

ನಿಂತರೆ ನಿಲ್ಲಲಿ ಎನ್ನುವಂತಿರಲಿಲ್ಲ. 2008ರಲ್ಲಿ ನನ್ನ ಮಗಳ ಮದುವೆಯಾಯಿತು. ಆ ಮದುವೆಯನ್ನು ಎರಡು ಡಿಸ್ಕುಗಳಲ್ಲಿ ಇಳಿಸಿದ್ದಾರೆ. ಎರಡನೆಯದರಲ್ಲಿ, ವಧೂವರರನ್ನು ಹಸೆಗೆ ಕರೆಯುವಾಗ ನನ್ನ ತಾಯಿಯವರು ಹೇಳಿದ ಹಾಡು ಇದೆ. ತಾಯಿಯವರು 2014ರಲ್ಲಿ ತೀರಿಕೊಂಡರು. ಅವರ ಭಾವಚಿತ್ರಗಳು ಮನೆಯಲ್ಲಿ ಹತ್ತಾರು ಉಂಟು. ಅವರ ಧ್ವನಿ ಇರುವುದು ಅದೊಂದರಲ್ಲಿಯೇ.

ಅಂಗಡಿಯಲ್ಲಿ ಮೂರು ತರಗತಿಯ ಯಂತ್ರಗಳನ್ನು ಹೇಳಿದರು. ಡಿವಿಡಿಯದು 3,200 ರೂಪಾಯಿ; ಬ್ಲೂ-ರೇ 11,000; 4ಕೆ ಬ್ಲೂ-ರೇ 28,000. ಮಗನಿಗೆ ದೂರವಾಣಿ ಮಾಡಿದೆನು.

“ಅಪ್ಪಾ, ಟಿ.ವಿ. 4ಕೆ ಇರೋವಾಗ ಪ್ಲೇಯರೂ 4ಕೆ ಆಗಿದ್ರೇ ಒಪ್ಪೋದು. ದುಡ್ಡು ನಾನು ಕಳಿಸ್ತೀನಿ, ತಗೊಂಡ್ಬಿಡಿ,” ಎಂದನು.

ಈ ಮಾತನ್ನು ಒಳಗಿನಿಂದ ಕೇಳುತ್ತಿದ್ದ ನನ್ನ ಪತ್ನಿ ಹೊರಗೆ ಬಂದು, “ಮೊದಲು ಬೀರು ತೆಗೆದು, ನಮ್ಮಲ್ಲಿರೋ ಡಿಸ್ಕು ಎಂಥವು ಅಂತ ನೋಡಿ. ಬೀಸೋ ಕಾಳು ಯಾವುದು ಅಂತ ತಿಳೀದೆ ಯಾರಾದ್ರೂ ಬೀಸೋಕಲ್ಲು ತರ್ತಾರಾ?” ಎಂದಳು.

ಅಲಂಕಾರಶಾಸ್ತ್ರದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಕರೆದನು. ಅದನ್ನು ಎಷ್ಟೋ ಸಲ ಪಾಠ ಹೇಳಿದ ನನಗೆ, ನನ್ನ ಮನೆಯ ವ್ಯವಹಾರದಲ್ಲಿ ಅದನ್ನು ನೆನಪಿಸಲು ಆಕೆಯೇ ಬೇಕಾಯಿತು.

ಬೀರುವನ್ನು ತೆಗೆದು ಎಣಿಸಿದೆವು. ಒಟ್ಟು 46 ಡಿಸ್ಕುಗಳು: ವಿಸಿಡಿ 14, ಸಿನಿಮಾ ಡಿವಿಡಿ 30, ಮದುವೆಯವು ಎರಡು. ಬ್ಲೂ-ರೇ ಒಂದೂ ಇಲ್ಲ. ಇಲ್ಲಿಯೇ ಮುಕ್ಕಾಲು ತೀರ್ಮಾನವಾದಂತಾಯಿತು. ಏಕೆಂದರೆ ಟೆಲಿವಿಷನ್ನಿನ ಚಿತ್ರವು ರಂಗವಲ್ಲಿಯ ಹಾಗೆ ಚುಕ್ಕೆಗಳಿಂದ ಆದದ್ದು. ನಮ್ಮ ದೇಶದ ಪದ್ಧತಿಯ ವಿಸಿಡಿಯ ಒಂದು ಚಿತ್ರದಲ್ಲಿ 352ಕ್ಕೆ 288, ಅಂದರೆ ಸುಮಾರು ಒಂದು ಲಕ್ಷ ಚುಕ್ಕೆಗಳು. ಡಿವಿಡಿಯಲ್ಲಿ 720ಕ್ಕೆ 576, ಸುಮಾರು ನಾಲ್ಕು ಲಕ್ಷ. ಬ್ಲೂ-ರೇಯಲ್ಲಿ 1920ಕ್ಕೆ 1080, ಇಪ್ಪತ್ತು ಲಕ್ಷಕ್ಕೆ ಮಿಕ್ಕಿ. 4ಕೆಯಲ್ಲಿ 3840ಕ್ಕೆ 2160, ಸುಮಾರು ಎಂಬತ್ತಮೂರು ಲಕ್ಷ. ಲೇಖನಿಯ ಮೊನೆ ಸಣ್ಣದಾದಷ್ಟೂ ಅದೇ ಹಾಳೆಯಲ್ಲಿ ಹೆಚ್ಚು ಅಕ್ಷರಗಳು ಹಿಡಿಯುವುವಷ್ಟೆ. ಡಿವಿಡಿಯನ್ನು ಓದುವುದು 650 ನ್ಯಾನೊಮೀಟರು ಅಲೆಯುದ್ದದ ಕೆಂಪು ಕಿರಣ. ಬ್ಲೂ-ರೇಯನ್ನು ಓದುವುದು 405 ನ್ಯಾನೊಮೀಟರಿನ ನೇರಿಳೆ ಛಾಯೆಯ ನೀಲಿ ಕಿರಣ. ಆದುದರಿಂದಲೇ ಅಳತೆಯಲ್ಲಿ ಒಂದೇ ಆದ ಆ ಎರಡು ಬಿಲ್ಲೆಗಳ ಒಂದು ಪದರದಲ್ಲಿ, ಮೊದಲನೆಯದು 4.7 ಗಿಗಾಬೈಟು ಹಿಡಿದರೆ ಎರಡನೆಯದು 25 ಹಿಡಿಯುವುದು.

ಹೀಗಿರಲು, 4ಕೆ ಪ್ಲೇಯರಿಗೆ ಡಿವಿಡಿಯನ್ನು ಹಾಕಿದರೆ ಆಗುವುದೇನು? ಡಿಸ್ಕಿನಲ್ಲಿರುವುದು ಒಂದು ಪಾಲು. ತೆರೆಗೆ ಬೇಕಾದುದು ಇಪ್ಪತ್ತು ಪಾಲು. ಉಳಿದ ಹತ್ತೊಂಬತ್ತನ್ನು ಯಂತ್ರವು ನೆರೆಹೊರೆಯ ಚುಕ್ಕೆಗಳನ್ನು ನೋಡಿ ಊಹಿಸಿ ತುಂಬುತ್ತದೆ. ಮೂಲದಲ್ಲಿಲ್ಲದುದನ್ನು ಬರೆಯುವುದಿಲ್ಲವೆಂದು ಮಲ್ಲಿನಾಥನು ಪ್ರತಿಜ್ಞೆ ಮಾಡಿ ವ್ಯಾಖ್ಯಾನಕ್ಕೆ ತೊಡಗಿದನು. ಈ ಯಂತ್ರವು ಅಂಥ ವ್ಯಾಖ್ಯಾನಕಾರನಲ್ಲ. ಇದರ ಬರವಣಿಗೆಯಲ್ಲಿ ಊಹೆಯೇ ಹೆಚ್ಚು. ಊಹೆಯ ಕೆಲಸವನ್ನು ಪ್ಲೇಯರು ಮಾಡದಿದ್ದರೆ ಟೆಲಿವಿಷನ್ನೇ ಮಾಡಿಕೊಳ್ಳುವುದು. ಅದಕ್ಕಾಗಿ ಬೇರೆ 25,000 ರೂಪಾಯಿ ಕೊಡಬೇಕಾದುದೇಕೆ? ಅದರಲ್ಲಿಯೂ ನಮ್ಮ ಪಡಸಾಲೆಯಲ್ಲಿ ಕುರ್ಚಿಗೂ ತೆರೆಗೂ ಎಂಟು ಅಡಿ ಅಂತರ. ನೋಡುವ ಕಣ್ಣುಗಳಾದರೋ ಅರುವತ್ತು ವರ್ಷದವು.

ಹಾಗೆಂದು ದುಬಾರಿಯ ಯಂತ್ರಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ದೊಡ್ಡ ತೆರೆಯ ಸಮೀಪದಲ್ಲಿ ಕುಳಿತು ನೋಡುವವರು, ಬ್ಲೂ-ರೇ ಡಿಸ್ಕುಗಳನ್ನು ಕೊಂಡು ಶೇಖರಿಸುವವರು ಅವನ್ನೇ ಕೊಳ್ಳಲಿ. ಅವು ಡಿವಿಡಿಯನ್ನೂ ಓದುತ್ತವೆ. ಆದರೆ ಅವುಗಳಲ್ಲಿ ಕೆಲವು ವಿಸಿಡಿಯನ್ನು ಓದವು. ಆದಕಾರಣ ಮನೆಯಿಂದ ಒಂದು ವಿಸಿಡಿ, ಒಂದು ಬರೆದ ಡಿಸ್ಕು, ಇವೆರಡನ್ನೂ ಅಂಗಡಿಗೆ ಒಯ್ದು, ಹಾಕಿಸಿ ನೋಡಿ, ಆಮೇಲೆ ಹಣವನ್ನು ಎಣಿಸಬೇಕು. ಹಳೆಯ ದಪ್ಪ ಟೆಲಿವಿಷನ್ನನ್ನೇ ಇಟ್ಟುಕೊಂಡಿರುವವರು ಮೂರು ಬಣ್ಣದ ತಂತಿಗಳಿಗೆ ರಂಧ್ರವಿರುವ ಪ್ಲೇಯರನ್ನು ಕೇಳಿ ಪಡೆಯಬೇಕು. ಈಚಿನ ಬ್ಲೂ-ರೇ ಯಂತ್ರಗಳಲ್ಲಿ ಅವು ಬಹುಮಟ್ಟಿಗೆ ಇರುವುದಿಲ್ಲ. ಪರದೇಶದ ನೆಂಟರು ಡಿಸ್ಕು ಕಳುಹಿಸುವ ಮನೆಯವರು ವಲಯದ ಸಂಖ್ಯೆಯನ್ನು ಗಮನಿಸಬೇಕು. ಡಿವಿಡಿಯಲ್ಲಿ ಭಾರತವು 5ನೆಯ ವಲಯ, ಅಮೆರಿಕವು 1ನೆಯದು. ಒಂದು ವಲಯದ ಡಿಸ್ಕನ್ನು ಮತ್ತೊಂದು ವಲಯದ ಯಂತ್ರವು ಸಾಮಾನ್ಯವಾಗಿ ಓದದು.

“ಎಲ್ಲವನ್ನೂ ಪೆನ್ ಡ್ರೈವಿಗೆ ಇಳಿಸಿಬಿಟ್ರೆ ಪ್ಲೇಯರೇ ಬೇಡವಲ್ಲಾ?” ಎಂದು ನೆರೆಮನೆಯ ತರುಣನು ಕೇಳಿದನು. ಮಾತು ಸಾಧುವೇ. ಮದುವೆಯ ಡಿಸ್ಕುಗಳನ್ನು ಅವನ ಕಂಪ್ಯೂಟರಿನಲ್ಲಿಯೇ ಇಳಿಸಿ ಎರಡು ಕಡೆ ಇಟ್ಟಿದ್ದೇನೆ. ಬರೆದ ಡಿಸ್ಕಿನಲ್ಲಿ ಅಕ್ಷರವನ್ನು ಹಿಡಿದಿರುವುದು ಒಂದು ಬಗೆಯ ಬಣ್ಣ. ಬಿಸಿಲು ಸೆಕೆಗಳಿಗೆ ಅದು ಮಾಸುತ್ತದೆ. ಇಂಥ ಡಿಸ್ಕು ಉಳ್ಳವರು ಪ್ಲೇಯರಿನ ಯೋಚನೆಗಿಂತ ಮೊದಲು ಪ್ರತಿಯ ಯೋಚನೆಯನ್ನು ಮಾಡಬೇಕು. ಪ್ಲೇಯರನ್ನು ಕೊಳ್ಳುವವರೂ ಬಹಳ ಕಾಲ ಮುಂದೂಡಬಾರದು. 2018ರಲ್ಲಿ ಓಪೋ ಸಂಸ್ಥೆಯು ಹೊಸ ಪ್ಲೇಯರುಗಳ ತಯಾರಿಕೆಯನ್ನು ಬಿಡುವುದಾಗಿ ಸಾರಿತು. 2019ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ಅಮೆರಿಕದ ಪೇಟೆಗೆ ಹೊಸ ಬ್ಲೂ-ರೇ ಯಂತ್ರಗಳನ್ನು ತರುವುದಿಲ್ಲವೆಂದಿತು. ಆದರೆ ಬೀರುವಿನ ಉಳಿದ 44 ಡಿಸ್ಕುಗಳನ್ನು ನಾನಾಗಲಿ ನನ್ನ ಪತ್ನಿಯಾಗಲಿ ಕಂಪ್ಯೂಟರಿನ ಮುಂದೆ ಕುಳಿತು ಇಳಿಸಲಾರೆವು. ಬಟನ್ನು ಒತ್ತಿದರೆ ತಟ್ಟೆ ಹೊರಗೆ ಬರಬೇಕು, ಡಿಸ್ಕನ್ನು ಇಟ್ಟರೆ ಒಳಗೆ ಹೋಗಬೇಕು: ನಮ್ಮ ವಯಸ್ಸಿಗೆ ಇದೇ ಸುಖ.

ಎಚ್‌ಡಿಎಂಐ ಇರುವ, 3,200 ರೂಪಾಯಿಯ ಡಿವಿಡಿ ಪ್ಲೇಯರನ್ನೇ ತಂದೆನು. ಮೊದಲ ಸಂಜೆ ಮದುವೆಯ ಡಿಸ್ಕನ್ನು ಹಾಕಿದಾಗ, ಕಡ್ಡಿಯಂತೆ ಕೃಶರಾಗಿದ್ದ ನನ್ನ ತಾಯಿಯವರು ಸ್ಥೂಲಕಾಯರಾಗಿ ಕಾಣಿಸಿದರು! ಹಳೆಯ ಚಿತ್ರದ ಪ್ರಮಾಣವು 4ಕ್ಕೆ 3; ಹೊಸ ತೆರೆಯದು 16ಕ್ಕೆ 9. ತೆರೆ ತುಂಬಲೆಂದು ಯಂತ್ರವು ಮುಖಗಳನ್ನು ಅಡ್ಡಡ್ಡಲಾಗಿ ಎಳೆದಿತ್ತು. ಸೆಟ್ಟಿಂಗಿನಲ್ಲಿ 4:3 ಎಂದು ಬದಲಾಯಿಸಿದೆನು. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬಂದಿತು, ನಡುವೆ ನನ್ನ ತಾಯಿ ನನ್ನ ತಾಯಿಯಾದರು.

ಹಾಡು ಮೊದಲಾಯಿತು. ಎರಡು ನುಡಿ ನಡೆಯಿತು. ಮೂರನೆಯ ನುಡಿಯ ನಡುವೆ ಚಿತ್ರವು ಚೌಕ ಚೌಕವಾಗಿ ಒಡೆದು ಧ್ವನಿ ಕಡಿದುಹೋಯಿತು. ಡಿಸ್ಕಿನಲ್ಲಿ ಆ ಸ್ಥಳವು ಕೆಟ್ಟಿದೆ. ತೆಗೆದ ಪ್ರತಿಯಲ್ಲಿಯೂ ಆ ಆರೇಳು ಕ್ಷಣ ಹಾಗೆಯೇ ಇದೆ. ಯಾವ ಬೆಲೆಯ ಯಂತ್ರವೂ ಅದನ್ನು ತಂದುಕೊಡಲಾರದು.

ಆಗ ಗೋಡೆಗೆ ಒರಗಿ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಪತ್ನಿ, ತಲೆಯೆತ್ತದೆ, ಆ ಸಾಲನ್ನು ಅತ್ತೆಯ ರಾಗದಲ್ಲಿಯೇ ಹೇಳಿ ಮುಗಿಸಿದಳು. ಅಷ್ಟರಲ್ಲಿ ಚಿತ್ರವೂ ಕೂಡಿಕೊಂಡು ತಾಯಿಯವರು ಮುಂದಿನ ಸಾಲನ್ನು ಎತ್ತಿಕೊಂಡರು. ಆಕೆ ತುಂಬಿದ್ದು ಊಹೆಯಲ್ಲ. ಇಪ್ಪತ್ತೇಳು ವರ್ಷ ಜೊತೆಗಿದ್ದು ಕಲಿತ ಮೂಲಪಾಠ.

ಈಚೆಗೆ ಮಗಳು ಬಂದಾಗ ಆ ಹಾಡನ್ನು ತಾಯಿಯ ಬಳಿ ಕುಳಿತು ಬರೆದುಕೊಂಡಳು.